ಲಾರಿಯ ಮೇಲೆ ಬಂದ ವಿಮಾನ

"ಕಾರವಾರಕ್ಕೆ ವಿಮಾನ ಬಂತು ಮಾರಾಯಾ!"

ಅಂಕೋಲೆಯಿಂದ ಸೋದರಮಾವನ ಮಗ ಫೋನು ಮಾಡಿದಾಗ ನಾನು ಹುಬ್ಬಳ್ಳಿಯ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ವಿಮಾನ ಇಳಿಯಲು ಅಂಗೈಯಗಲ ರನ್‌ವೇ ಇಲ್ಲದ ಜಿಲ್ಲೆ ನಮ್ಮದು. ಎಲ್ಲಿ ಇಳಿಯಿತಪ್ಪಾ ಅಂದೆ.

"ಇಳಿಯೂದೆಲ್ಲಿ ಬಂತು? ಲಾರಿ ಮೇಲೆ ಬಂತು. ರೆಕ್ಕೆ ಬೇರೆ, ಬಾಲ ಬೇರೆ, ಮೈ ಬೇರೆ. ಕೋಳಿ ಕೊಯ್ದು ತಂದ ಹಾಂಗೆ. ರಷ್ಯಾದ್ದಂತೆ. ಎಂಟು ಫ್ಯಾನು ಅದಾವೆ."

ಎಂಟು ಫ್ಯಾನು ಅಂದದ್ದೇ ನನ್ನ ಕೈಯಲ್ಲಿದ್ದ ಚಹಾ ತುಳುಕಿತು. ನಾಲ್ಕು ಎಂಜಿನ್ನು, ಒಂದೊಂದಕ್ಕೂ ಹಿಂದೆ ಮುಂದೆ ಎರಡೆರಡು ಪ್ರೊಪೆಲರು, ರಷ್ಯಾದ್ದು, ನೌಕಾಪಡೆಯ ಊರಿಗೆ ಬಂದದ್ದು. ಅದು ಟುಪೊಲೆವ್ ಟಿಯು-142 ಅಲ್ಲದೆ ಬೇರೆ ಆಗಿರಲು ಸಾಧ್ಯವೇ ಇರಲಿಲ್ಲ. ಎಷ್ಟೋ ವರ್ಷದಿಂದ ಕುಟುಂಬದ ಒಬ್ಬ ಸದಸ್ಯನನ್ನು ಹುಡುಕುತ್ತಿದ್ದವನಿಗೆ ಅವನೇ ತವರೂರಿಗೆ ಬಂದು ಕೂತಿದ್ದಾನೆ ಅನ್ನುವ ಸುದ್ದಿ ಸಿಕ್ಕ ಹಾಗಾಯಿತು. ಕುಟುಂಬ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದಕ್ಕೆ ಅಂಕೋಲೆಯಿಂದಲ್ಲ, ಅಮೆರಿಕದ ಮರುಭೂಮಿಯಿಂದ ಶುರು ಮಾಡಬೇಕು.

ಹಳೆಯ ವಿಮಾನಗಳ ಹುಚ್ಚು ನನಗೆ ಹಿಡಿದದ್ದು ತಡವಾಗಿ, ನೌಕರಿಯಿಂದ ನಿವೃತ್ತನಾದ ಮೇಲೆ. ಮಗ ಅರಿಝೋನಾದ ಫೀನಿಕ್ಸಿನಲ್ಲಿದ್ದಾನೆ. ಮೊದಲ ಸಲ ಹೋದಾಗ ಎಲ್ಲರ ಹಾಗೆ ಗ್ರ್ಯಾಂಡ್ ಕ್ಯಾನಿಯನ್ ನೋಡಿದೆವು, ಬಾಯಿ ತೆರೆದು ನಿಂತೆವು, ಫೋಟೋ ತೆಗೆದೆವು. ಇನ್ನೊಂದು ಭಾನುವಾರ ಅವನು ದಕ್ಷಿಣಕ್ಕೆ ಎರಡು ತಾಸು ಕಾರು ಓಡಿಸಿಕೊಂಡು ಟೂಸಾನ್ ಎಂಬ ಊರಿಗೆ ಕರೆದೊಯ್ದ. ರಸ್ತೆಯ ಎರಡೂ ಬದಿಗೆ ಆಳೆತ್ತರದ ಕಳ್ಳಿಗಳು, ಪೊಲೀಸರಿಗೆ ಶರಣಾದವರ ಹಾಗೆ ಕೈ ಎತ್ತಿಕೊಂಡು ನಿಂತಿದ್ದವು. ಅದರ ನಡುವೆ ಪೀಮಾ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ. ಬಯಲಿನಲ್ಲಿ ನಾನೂರರಷ್ಟು ವಿಮಾನಗಳು, ಸಂತೆಗೆ ಬಂದ ಎತ್ತುಗಳ ಹಾಗೆ ಸಾಲಾಗಿ. ಅಲ್ಲೇ ಪಕ್ಕದಲ್ಲಿ ಅಮೆರಿಕದ ವಾಯುಪಡೆ ತನ್ನ ಹಳೆಯ ವಿಮಾನಗಳನ್ನು ತಂದು ನಿಲ್ಲಿಸುವ ದೊಡ್ಡ ಬಯಲೂ ಇದೆ. ಯಾಕೆ ಇಲ್ಲೇ ಎಂದರೆ, ಗಾಳಿಯಲ್ಲಿ ತೇವ ಇಲ್ಲ, ಮಳೆ ಅಪರೂಪ, ನೆಲ ಕಾಂಕ್ರೀಟು ಹಾಸದಿದ್ದರೂ ವಿಮಾನದ ಭಾರ ತಡೆಯುವಷ್ಟು ಗಟ್ಟಿ. ಲೋಹ ಇಲ್ಲಿ ಮುಪ್ಪಾಗುವುದೇ ನಿಧಾನ. ಎರಡು ಮಳೆಗಾಲಕ್ಕೆ ಕಿಟಕಿಯ ಸರಳು ಪುಡಿಯಾಗುವ ಕರಾವಳಿಯಲ್ಲಿ ಹುಟ್ಟಿದ ನನಗೆ ಅದೇ ಒಂದು ಪವಾಡವಾಗಿ ಕಂಡಿತು.

ಅಲ್ಲಿ ವಿವರಣೆ ಕೊಡುವವರು ಹೆಚ್ಚಾಗಿ ವಯಸ್ಸಾದ ಸ್ವಯಂಸೇವಕರು. ನಮಗೆ ಸಿಕ್ಕ ಅಜ್ಜ, ಹಿಂದೆ ನಮ್ಮೂರ ಶಾಲೆಗಳಲ್ಲಿದ್ದ ಮಾಸ್ತರರ ಹಾಗೆ ಕತ್ತಿನ ಗುಂಡಿಯನ್ನೂ ಹಾಕಿಕೊಂಡ ಶಿಸ್ತಿನ ಮನುಷ್ಯ. ಎಲ್ಲಿಯವರು ಅಂತ ಕೇಳಿದ. ಇಂಡಿಯಾ ಅಂದೆ. ಅವನ ಕಣ್ಣು ಅರಳಿತು. "ಹಾಗಾದರೆ ಬನ್ನಿ, ನಿಮ್ಮದೊಂದು ನಮ್ಮ ಹತ್ತಿರ ಉಳಿದುಕೊಂಡಿದೆ" ಎಂದು ಹ್ಯಾಂಗರಿನ ಒಳಗೆ ಕರೆದೊಯ್ದ.

ಅಲ್ಲಿ ನಿಂತಿತ್ತು ಬಿ-24 ಲಿಬರೇಟರ್. ಎರಡನೇ ಮಹಾಯುದ್ಧದ ಬಾಂಬರು. ನಾಲ್ಕು ಎಂಜಿನ್ನು, ಬಾಲದಲ್ಲಿ ಎರಡು ಮೊರದಂಥ ಚುಕ್ಕಾಣಿ, ಮೈ ಮಾತ್ರ ಚಪ್ಪಟೆ, ಹೊಟ್ಟೆ ಇಳಿಬಿದ್ದದ್ದು, ಮೀನಿನ ದೋಣಿಗೆ ಯಾರೋ ರೆಕ್ಕೆ ಹಚ್ಚಿದ ಹಾಗೆ. ಚೆಲುವು ಅನ್ನುವುದು ಅದರ ಹತ್ತಿರ ಸುಳಿದಿರಲಿಲ್ಲ. ಮೂಗಿನ ಮೇಲೆ ಅಮೆರಿಕದ ಯಾವುದೋ ತುಂಟ ಹೆಸರು ಬರೆದಿದ್ದರು. ಇದರಲ್ಲಿ ಇಂಡಿಯಾದ್ದು ಏನಿದೆ? ಅಜ್ಜ ಹೇಳಿದ: ಇದು ಭಾರತದ ವಾಯುಪಡೆಯಲ್ಲಿ ಇದ್ದದ್ದು. ಭಾರತವೇ ಕೊಟ್ಟದ್ದು. 1969ರಲ್ಲಿ ಅಲ್ಲಿಂದ ಹಾರಿಸಿಕೊಂಡೇ ಇಲ್ಲಿಗೆ ತಂದರು.

ಆ ರಾತ್ರಿ ಮಗನ ಮನೆಯಲ್ಲಿ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ನಿದ್ದೆ ದೂರವಾಯಿತು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ಹತ್ತಾರು ಲಿಬರೇಟರುಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋಯಿತು. ಅವು ಅಮೆರಿಕ ಎರವಲು ಕೊಟ್ಟ ವಿಮಾನಗಳು. ಯಾರೂ ಮತ್ತೆ ಬಳಸಬಾರದು ಎಂದು ಅವನ್ನು ಬೇಕೆಂದೇ ಕೆಡಿಸಿ ಹೋದರು. ಎಂಜಿನ್ನಿಗೆ ಮರಳು ಹೊಯ್ದರು, ಉಪಕರಣಗಳನ್ನು ಒಡೆದರು ಎನ್ನುತ್ತಾರೆ. ಸ್ವಾತಂತ್ರ್ಯ ಬಂತು, ಕಾಶ್ಮೀರದಲ್ಲಿ ಯುದ್ಧ ಬಂತು, ನಮ್ಮ ಹತ್ತಿರ ದೊಡ್ಡ ಬಾಂಬರು ಒಂದೂ ಇಲ್ಲ. ಆಗ ಬೆಂಗಳೂರಿನ ಎಚ್‌ಎಎಲ್‌ನವರು ಆ ಗುಜರಿಯತ್ತ ನೋಡಿದರು. ಒಂದರ ಚಕ್ರ, ಇನ್ನೊಂದರ ಎಂಜಿನ್ನು, ಮತ್ತೊಂದರ ಬಾಲ ಜೋಡಿಸಿ, ಹಾರುವಷ್ಟು ಮಾತ್ರ ರಿಪೇರಿ ಮಾಡಿ, ಎಚ್‌ಎಎಲ್‌ನ ಪೈಲಟ್ ಜಮ್ಶೆಡ್ ಮುನ್ಶಿ ಒಂದೊಂದನ್ನೇ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ತಂದರು. ಕೆಡಿಸಿಟ್ಟ ನಾಲ್ಕು ಎಂಜಿನ್ನಿನ ವಿಮಾನವನ್ನು ಅಷ್ಟು ದೂರ ಹಾರಿಸುವುದು ಎಂದರೆ ಏನು? ಒಮ್ಮೆ ಅಲ್ಲ, ಹತ್ತು ಸಲವೂ ಅಲ್ಲ, ನಲವತ್ತು ಸಲದ ಆಸುಪಾಸು! ಬೆಂಗಳೂರಿನಲ್ಲಿ ಅವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. 1948ರ ಕೊನೆಯ ಹೊತ್ತಿಗೆ ವಾಯುಪಡೆಗೆ ಲಿಬರೇಟರುಗಳ ಸ್ಕ್ವಾಡ್ರನ್ನೇ ಸಿದ್ಧವಾಗಿತ್ತು. ಇಪ್ಪತ್ತು ವರ್ಷ ಹಾರಿದವು. 1968ರಲ್ಲಿ ಅವು ಇಳಿದಾಗ, ಲೋಕದಲ್ಲಿ ಬೇರೆ ಯಾವ ವಾಯುಪಡೆಯೂ ಲಿಬರೇಟರ್ ಇಟ್ಟುಕೊಂಡಿರಲಿಲ್ಲ. ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾಗಿದ್ದ ವಿಮಾನ. ಅಮೆರಿಕದವರು, ಇಂಗ್ಲೆಂಡಿನವರು ಮ್ಯೂಸಿಯಮ್ಮಿಗೆ ಬೇಕು ಎಂದು ನಮ್ಮ ಬಾಗಿಲಿಗೆ ಬಂದರು. ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಮ್ಮಿನಲ್ಲಿರುವ ಲಿಬರೇಟರೂ ನಮ್ಮಿಂದಲೇ ಹೋದದ್ದು. ಒಡೆದು ಬಿಟ್ಟು ಹೋದವರಿಗೇ ಅದನ್ನು ಹಾರುವ ಸ್ಥಿತಿಯಲ್ಲಿ ವಾಪಸು ಕಳಿಸಿದ ಈ ಕಥೆಯನ್ನು ನಮ್ಮ ಶಾಲೆಯ ಪುಸ್ತಕದಲ್ಲಿ ನಾನು ಓದಿದ ನೆನಪಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇಷ್ಟೇ ಅಲ್ಲ. ಆ ಲಿಬರೇಟರುಗಳು ಭಾರತದಲ್ಲಿ ಕೊನೆಯ ವರ್ಷಗಳಲ್ಲಿ ಮಾಡುತ್ತಿದ್ದ ಕೆಲಸ ಬಾಂಬು ಹಾಕುವುದಲ್ಲ, ಕಡಲು ಕಾಯುವುದು. ವಾಯುಪಡೆಯ 6ನೇ ಸ್ಕ್ವಾಡ್ರನ್ನು ಪುಣೆಯಿಂದ ಅವನ್ನು ಅರಬ್ಬೀ ಸಮುದ್ರದ ಮೇಲೆ ಹಾರಿಸುತ್ತಿತ್ತು. ಅರಬ್ಬೀ ಸಮುದ್ರ ಎಂದರೆ ಬೇಲೆಕೇರಿಯ ಮರಳಿನಲ್ಲಿ ನಾನು ಚಡ್ಡಿ ಒದ್ದೆ ಮಾಡಿಕೊಂಡ ಕಡಲು. ನೀರೇ ಕಾಣದ ಊರಿನಲ್ಲಿ, ಕಳ್ಳಿಗಳ ನಡುವೆ, ನಮ್ಮ ಕಡಲಿನ ಹಳೆಯ ಕಾವಲುಗಾರ ಬಣ್ಣ ಬದಲಿಸಿಕೊಂಡು ನಿಂತಿದ್ದ.

ಅಲ್ಲಿಂದ ನನ್ನ ಹುಡುಕಾಟ ಶುರು. ಲಿಬರೇಟರ್ ಹೋದ ಮೇಲೆ ಕಡಲು ಕಾದವರು ಯಾರು?

ಉತ್ತರ ಮರುವರ್ಷ ಗೋವೆಯಲ್ಲಿ ಸಿಕ್ಕಿತು. ಕಾರವಾರದಿಂದ ಎರಡು ತಾಸಿನ ದಾರಿ. ದಾಬೋಳಿ ವಿಮಾನ ನಿಲ್ದಾಣದ ಹತ್ತಿರ, ಬೊಗ್ಮಾಳೊ ರಸ್ತೆಯ ಮೇಲೆ 1998ರಲ್ಲಿ ತೆರೆದ ನೌಕಾ ವಿಮಾನಗಳ ಮ್ಯೂಸಿಯಂ ಇದೆ. ಗೋವೆಗೆ ಹೋಗುವವರು ಹೋಗುವುದು ಬೇರೆ ಕಾರಣಗಳಿಗೆ, ಹಾಗಾಗಿ ನಾನು ಹೋದ ದಿನ ಅಂಗಳದಲ್ಲಿ ಹೆಚ್ಚು ಜನ ಇರಲಿಲ್ಲ. ಸೀ ಹಾಕ್, ಅಲಿಝೆ, ಸೀ ಹ್ಯಾರಿಯರ್ ಎಲ್ಲ ಇದ್ದವು. 1953ರಲ್ಲಿ ನೌಕಾಪಡೆಗೆ ಮೊಟ್ಟಮೊದಲು ಬಂದ ಸೀಲ್ಯಾಂಡ್ ಜಾತಿಯ ಪುಟ್ಟ ವಿಮಾನವೂ ಇತ್ತು, ನೀರಿನ ಮೇಲೂ ಇಳಿಯಬಲ್ಲದ್ದು. ಅವೆಲ್ಲವನ್ನೂ ಸಣ್ಣದು ಮಾಡಿ ನಿಂತದ್ದು ಸೂಪರ್ ಕಾನ್‌ಸ್ಟೆಲೇಶನ್.

ಇದನ್ನು ಚೆಲುವೆ ಅನ್ನದೆ ವಿಧಿಯಿಲ್ಲ. ಡಾಲ್ಫಿನ್ನಿನ ಹಾಗೆ ಬಳುಕಿದ ಬೆನ್ನು, ಬಾಲಕ್ಕೆ ಮೂರು ಚುಕ್ಕಾಣಿ, ಕೊಕ್ಕರೆಯ ಕಾಲು. ಒಂದು ಕಾಲದಲ್ಲಿ ಏರ್ ಇಂಡಿಯಾದವರು ಇವುಗಳಿಗೆ ಇಂಥ ಊರಿನ ರಾಣಿ, ಅಂಥ ಊರಿನ ರಾಣಿ ಎಂದು ಹೆಸರಿಟ್ಟು, ಸೂಟು ಹಾಕಿಕೊಂಡ ಸಾಹೇಬರನ್ನು ಲಂಡನ್ನಿಗೆ ಒಯ್ಯುತ್ತಿದ್ದರು. ಜೆಟ್ ವಿಮಾನಗಳು ಬಂದದ್ದೇ ರಾಣಿಯರಿಗೆ ಅರಮನೆಯಲ್ಲಿ ಜಾಗ ಇಲ್ಲದಾಯಿತು. ವಾಯುಪಡೆ ಅವರನ್ನು ತೆಗೆದುಕೊಂಡಿತು. ಲಿಬರೇಟರ್ ಇಳಿದ ಮೇಲೆ ಅದೇ 6ನೇ ಸ್ಕ್ವಾಡ್ರನ್ನಿನಲ್ಲಿ ಕಡಲು ಕಾಯುವ ಭಾರ ಪೂರ್ತಿ ಇವರ ಹೆಗಲಿಗೆ ಬಿತ್ತು. 1976ರಲ್ಲಿ ಆ ಕೆಲಸವೇ ವಾಯುಪಡೆಯ ಕೈಯಿಂದ ನೌಕಾಪಡೆಗೆ ಬಂತು. ಅದಕ್ಕಾಗಿ ಗೋವೆಯಲ್ಲಿ ಹುಟ್ಟಿದ ಹೊಸ ಸ್ಕ್ವಾಡ್ರನ್ನಿನ ಸಂಖ್ಯೆ 312. ಎಂಬತ್ತರ ದಶಕದ ನಡುವಿಗೆ ರಾಣಿಯರೂ ದಣಿದರು. 1988ರಲ್ಲಿ ಅದೇ 312ಕ್ಕೆ, ಅದೇ ದಾಬೋಳಿಗೆ, ಸೋವಿಯತ್ ಒಕ್ಕೂಟದಿಂದ ಹೊಸ ವಿಮಾನಗಳು ಬಂದವು. ಒಟ್ಟು ಎಂಟು. ಅವೇ ಟಿಯು-142.

ಹೀಗೆ ವಂಶವೃಕ್ಷ ಕೂಡಿಕೊಂಡಿತು. ಅಜ್ಜ ಲಿಬರೇಟರ್ ಅರಿಝೋನಾದ ಮರುಭೂಮಿಯಲ್ಲಿ. ಅಮ್ಮ ಬೊಗ್ಮಾಳೊ ರಸ್ತೆಯ ಬದಿಗೆ. ನಡುವೆ 1977ರಲ್ಲಿ ಬಂದ ಇಲ್ಯೂಶಿನ್-38 ಎಂಬ ಒಬ್ಬ ಚಿಕ್ಕಪ್ಪನೂ ಇದ್ದಾನೆ, ಅವನನ್ನು ಈ ಸಲ ಬಿಡುತ್ತೇನೆ. ಮೊಮ್ಮಗ ಎಲ್ಲಿ? 312ನೇ ಸ್ಕ್ವಾಡ್ರನ್ನು 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋಯಿತು. ನಾಲ್ಕು ಕಿಲೋಮೀಟರ್ ಉದ್ದದ ರನ್‌ವೇ ಅಲ್ಲಿದೆ, ಈ ಗಾತ್ರಕ್ಕೆ ಅದೇ ಸರಿ. 2017ರ ಮಾರ್ಚ್ 29ರಂದು ಟಿಯು-142ಗಳಿಗೆ ವಿದಾಯ ಹೇಳಿದರು. 29 ವರ್ಷ, 30,000 ತಾಸಿನ ಹಾರಾಟ, ಒಂದೂ ಅಪಘಾತ ಇಲ್ಲ. ಒಂದು ವಿಮಾನ ಅದೇ ವರ್ಷ ವಿಶಾಖಪಟ್ಟಣದ ಕಡಲತೀರದ ರಸ್ತೆಗೆ ಹೋಗಿ ನಿಂತಿತು, ಅದೂ ಕುರ್ಸುರಾ ಸಬ್‌ಮರೀನಿನ ಎದುರಿಗೆ. ಬೇಟೆಗಾರನನ್ನೂ ಬೇಟೆಯನ್ನೂ ಒಂದೇ ರಸ್ತೆಯ ಎರಡು ಬದಿಗೆ ಕೂರಿಸಿದವರ ರಸಿಕತೆಗೆ ನಮಸ್ಕಾರ. ವಿಶಾಖಪಟ್ಟಣಕ್ಕೆ ಟಿಕೆಟು ಮಾಡಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅಷ್ಟರಲ್ಲಿ ಮಾವನ ಮಗನ ಫೋನು ಬಂತು.

ಇನ್ನೊಂದು ಸಣ್ಣ ನೆನಪು ಇದೆ, ಖಾತ್ರಿಯಿಲ್ಲದ್ದು. ತೊಂಬತ್ತರ ಸುಮಾರಿಗೆ ರಜೆಗೆ ಊರಿಗೆ ಬಂದವನು ಬೇಲೆಕೇರಿಯ ದಂಡೆಯಲ್ಲಿ ಮಾವನ ಜೊತೆ ಬಲೆ ಒಣಗಿಸುವುದನ್ನು ನೋಡುತ್ತ ಕೂತಿದ್ದೆ. ಆಕಾಶ ನಿರ್ಮಲ. ಪಶ್ಚಿಮದಿಂದ ಒಂದು ಗುಂಯ್ ಶಬ್ದ ಎದ್ದಿತು. ಜೆಟ್ಟಿನ ಹಾಗೆ ಸೀಳುವುದಲ್ಲ, ಎದೆಯ ಗೂಡಿನೊಳಗೆ ಯಾರೋ ಒನಕೆ ಕುಟ್ಟಿದ ಹಾಗೆ. ಎಷ್ಟೋ ಹೊತ್ತು ಇತ್ತು. ಮಾವ ಬೀಡಿ ಬಾಯಿಂದ ತೆಗೆಯದೆ, "ಗೋವೆ ಕಡೀದು" ಎಂದಷ್ಟೇ ಹೇಳಿದರು. ಅದು ಇದೇ ಆಗಿತ್ತೋ, ಬೇರೆಯೋ. ಈ ವಿಮಾನದ ಸದ್ದಿನ ಬಗ್ಗೆ ಓದಿದಾಗಲೆಲ್ಲ ಆ ಒನಕೆ ಮತ್ತೆ ಕುಟ್ಟುತ್ತದೆ.

ಕಳೆದ ಡಿಸೆಂಬರಿನಲ್ಲಿ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಬಂದೆ. ಮರುದಿನ ಮಧ್ಯಾಹ್ನ ಮಾವನ ಮಗನ ಸ್ಕೂಟರಿನ ಹಿಂದೆ ಕೂತು ಕಾರವಾರಕ್ಕೆ ಹೊರಟೆವು. ಅವರ್ಸಾ, ಹಾರವಾಡ, ಅಮದಳ್ಳಿ, ತೋಡೂರು, ಚೆಂಡಿಯಾ, ಅರ್ಗಾ, ಬಿಣಗಾ. ನಾನು ಹುಡುಗನಾಗಿದ್ದಾಗ ಈ ಊರುಗಳ ಹೆಸರು ಹೇಳಿದರೆ ಬಸ್ಸಿನ ಎಡ ಕಿಟಕಿಯಲ್ಲಿ ಒಂದೊಂದಕ್ಕೂ ಒಂದೊಂದು ಕಡಲು ಕಾಣುತ್ತಿತ್ತು. 1986ರಲ್ಲಿ ರಾಜೀವ್ ಗಾಂಧಿ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರು ಮಾಡಿತು. ಬನವಾಸಿಯ ಅರಸರ ಹೆಸರು ಹಡಗುಕಟ್ಟೆಗೆ ಬಂದದ್ದೇನೋ ಸಂತೋಷವೇ. ಆದರೆ ಊರೂರುಗಳ ಜನ ಗಂಟು ಮೂಟೆ ಕಟ್ಟಿ ರಸ್ತೆಯ ಆಚೆ ಬದಿಗೆ ಬಂದರು, ಈಚೆ ಬದಿಗೆ ಗೋಡೆ ಎದ್ದಿತು. ಈಗ ಎಡಕ್ಕೆ ಕಾಣುವುದು ಗೋಡೆ, ಗೋಡೆಯ ಮೇಲೆ ತಂತಿ, ತಂತಿಯ ಮೇಲೆ ಕಾಗೆ. ಕಡಲು ಅದರ ಹಿಂದೆ ಎಲ್ಲೋ ಇದೆ, ವಾಸನೆಯಿಂದ ಗೊತ್ತಾಗುತ್ತದೆ. ಬಿಣಗಾ ದಾಟಿ ಸುರಂಗ ಹೊಕ್ಕು ಹೊರಬಿದ್ದರೆ ತಟ್ಟನೆ ಕಾರವಾರ, ತಟ್ಟನೆ ಕಡಲು.

ಮೊದಲು ಕಂಡದ್ದು ಬಾಲ. ಗಾಳಿಮರಗಳ ಮೇಲಿಂದ, ದೇವಸ್ಥಾನದ ಕಳಸ ಕಂಡ ಹಾಗೆ. ನಾಲ್ಕು ಅಂತಸ್ತಿನ ಮನೆಯಷ್ಟು, ಹನ್ನೆರಡು ಮೀಟರ್ ಎತ್ತರ. "ನಿಲ್ಲಿಸು" ಅಂದೆ. ಅವನು ನಿಲ್ಲಿಸಲಿಲ್ಲ. "ಓಡಿ ಹೋಗ್ತದ್ಯಾ ಅದು?" ಎಂದ.

ಹತ್ತಿರ ಹೋದಾಗ ಒಮ್ಮೆಗೇ ಕಣ್ಣಿಗೆ ಹಿಡಿಸಲಿಲ್ಲ. ಪಶ್ಚಿಮದ ಬಿಸಿಲು ಬೆಳ್ಳಿ ಮೈಯ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಮೂಗಿನಿಂದ ಬಾಲದ ತುದಿಗೆ ಹೆಜ್ಜೆ ಎಣಿಸುತ್ತ ನಡೆದೆ. 53 ಮೀಟರ್ ಉದ್ದ. ರೆಕ್ಕೆಯ ತುದಿಯಿಂದ ತುದಿಗೆ 50. ರೆಕ್ಕೆಗಳು ಹಿಂದಕ್ಕೆ ಬಾಗಿವೆ, ಜೆಟ್ ವಿಮಾನದ ಹಾಗೆ. ಆದರೆ ಅವುಗಳಲ್ಲಿರುವುದು ಪ್ರೊಪೆಲರು. ಪ್ರೊಪೆಲರಿನ ವಿಮಾನಕ್ಕೆ ಇಂಥ ರೆಕ್ಕೆ ಯಾರೂ ಕೊಡುವುದಿಲ್ಲ, ಅಷ್ಟು ವೇಗ ಅದಕ್ಕೆ ಎಲ್ಲಿಂದ ಬರಬೇಕು? ಟುಪೊಲೆವ್‌ನವರು ಕೊಟ್ಟರು, ವೇಗವೂ ಬಂತು. ತಾಸಿಗೆ 900 ಕಿಲೋಮೀಟರ್ ದಾಟುತ್ತಿತ್ತು. ಗುಟ್ಟು ಇರುವುದು ಆ ಎಂಟು ಫ್ಯಾನಿನಲ್ಲಿ. ಒಂದೊಂದು ಎಂಜಿನ್ನು 15,000 ಕುದುರೆಗಳ ಬಲದ್ದು. ಅಷ್ಟು ಬಲವನ್ನು ಒಂದೇ ಪ್ರೊಪೆಲರಿಗೆ ಕೊಟ್ಟರೆ ಅದು ಗಾಳಿಯನ್ನು ಹಿಂದೆ ನೂಕುವ ಬದಲು ಸುಮ್ಮನೆ ಸುರುಳಿ ಸುತ್ತಿಸುತ್ತದೆ. ಹಾಗಾಗಿ ಹಿಂದೆ ಇನ್ನೊಂದು, ಅದು ಉಲ್ಟಾ ತಿರುಗುವುದು. ಮೊದಲನೆಯದು ತಿರುಚಿದ ಗಾಳಿಯನ್ನು ಎರಡನೆಯದು ನೇರ ಮಾಡುತ್ತದೆ. ನಮ್ಮಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುವಾಗ ಒಂದು ಕೈ ಆಚೆ, ಇನ್ನೊಂದು ಕೈ ಈಚೆ ಹೋಗುತ್ತದಲ್ಲ, ಅದು ನೆನಪಾಯಿತು. ಈ ಎಂಜಿನ್ನನ್ನು ಕುಜ್ನೆತ್ಸೊವ್ ಕಾರ್ಖಾನೆಯಲ್ಲಿ ಕಟ್ಟಿದವರಲ್ಲಿ ಯುದ್ಧ ಸೋತ ಮೇಲೆ ರಷ್ಯನ್ನರು ಹಿಡಿದು ತಂದ ಜರ್ಮನ್, ಆಸ್ಟ್ರಿಯನ್ ಎಂಜಿನಿಯರುಗಳೂ ಇದ್ದರು. ಇವತ್ತಿಗೂ ಇದಕ್ಕಿಂತ ಬಲವಾದ ಟರ್ಬೊಪ್ರಾಪ್ ಸೇವೆಗೆ ಬಂದಿಲ್ಲ.

ಸದ್ದಿನ ವಿಷಯವೂ ಅಲ್ಲೇ ಇದೆ. ಆ ಪ್ರೊಪೆಲರುಗಳ ಎಲೆಯ ತುದಿ ತಿರುಗುವಾಗ ಶಬ್ದದ ವೇಗವನ್ನೂ ಮೀರುತ್ತದೆ. ಹಾಗಾಗಿ ಈ ಗರ್ಜನೆ. ಕಡಲಿನ ಅಡಿಯಲ್ಲಿರುವ ಸಬ್‌ಮರೀನಿನವರಿಗೂ ಮೇಲೆ ಇದು ಬಂದದ್ದು ಕೇಳುತ್ತಿತ್ತು ಅಂತ ಹೇಳುತ್ತಾರೆ. ಕಳ್ಳನನ್ನು ಹಿಡಿಯಲು ತಮಟೆ ಬಾರಿಸಿಕೊಂಡು ಹೋಗುವ ಪೊಲೀಸ! ಆದರೂ ಹಿಡಿಯುತ್ತಿತ್ತು. ಹೊಟ್ಟೆಯಿಂದ ಅದು ಕಡಲಿಗೆ ಉದುರಿಸುತ್ತಿದ್ದದ್ದು ಬಾಂಬು ಮಾತ್ರ ಅಲ್ಲ, ಕಿವಿಗಳನ್ನೂ. ಸೋನೊಬಾಯ್ ಎನ್ನುತ್ತಾರೆ. ಬಲೆಗೆ ಕಟ್ಟುವ ಬೆಂಡಿನ ಹಾಗೆ ನೀರಿನ ಮೇಲೆ ತೇಲುತ್ತದೆ, ಅದರಿಂದ ಕೆಳಗೆ ಇಳಿಬಿಟ್ಟ ಮೈಕು ನೀರಿನೊಳಗಿನ ಸದ್ದನ್ನು ಕೇಳಿ ರೇಡಿಯೋದಲ್ಲಿ ಮೇಲಕ್ಕೆ ಹೇಳುತ್ತದೆ. ಇಂಥವನ್ನು ಮೈಲಿಗಟ್ಟಲೆ ಸಾಲಾಗಿ ಉದುರಿಸಿ, ಮೇಲೆ ಸುತ್ತು ಹಾಕುತ್ತ, ಹೆಡ್‌ಫೋನು ಹಚ್ಚಿಕೊಂಡು ಕೂತಿರುತ್ತಿದ್ದರು. ಹತ್ತು ತಾಸು, ಅದಕ್ಕೂ ಹೆಚ್ಚು. 1988ರ ನವೆಂಬರಿನಲ್ಲಿ, ಬಂದು ಏಳು ತಿಂಗಳಾಗಿತ್ತಷ್ಟೇ, ಮಾಲ್ಡೀವ್ಸಿನ ದಂಗೆಯನ್ನು ಅಡಗಿಸಿದ ಆಪರೇಷನ್ ಕ್ಯಾಕ್ಟಸ್‌ಗೆ ಈ ವಿಮಾನಗಳೂ ಹೋಗಿದ್ದವು. ಬಾಲದ ತುದಿಯಲ್ಲಿ ಗಾಜಿನ ಒಂದು ಪುಟ್ಟ ಗೂಡು ಇದೆ. ಬಂದೂಕಿನವನು ಹಿಂದುಮುಂದಾಗಿ ಕೂರುವ ಜಾಗ. ಉಳಿದವರೆಲ್ಲ ಹೋಗುವ ದಿಕ್ಕನ್ನು ನೋಡುತ್ತಿದ್ದರೆ ಅವನೊಬ್ಬ ಬಿಟ್ಟು ಬಂದ ಆಕಾಶವನ್ನೇ ನೋಡುತ್ತ ಕೂರಬೇಕು. ಆ ಗೂಡಿನ ಕೆಳಗೆ ನಾನು ಎಷ್ಟು ಹೊತ್ತು ನಿಂತಿದ್ದೆನೋ.

ನನ್ನ ಪಕ್ಕದಲ್ಲಿ ಲುಂಗಿ ಎತ್ತಿ ಕಟ್ಟಿದ ಒಬ್ಬರು, ಯಾಂತ್ರಿಕ ದೋಣಿಯವರಿರಬೇಕು, ಎಂಜಿನ್ನನ್ನೇ ನೋಡುತ್ತಿದ್ದರು. "ಎಷ್ಟು ಡೀಸೆಲ್ ಕುಡಿತದೆ ಇದು?" ಎಂದು ಯಾರನ್ನೂ ಉದ್ದೇಶಿಸದೆ ಕೇಳಿದರು. ಡೀಸೆಲ್ ಅಲ್ಲ, ಸೀಮೆಎಣ್ಣೆಯ ಜಾತಿಯದು, ಟ್ಯಾಂಕು ತುಂಬಿದರೆ ಎಂಬತ್ತು ಟನ್ನಿನ ಆಸುಪಾಸು ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಂಬತ್ತು ಟನ್ನಿಗೆ ನಮ್ಮ ದಕ್ಕೆಯ ಬೋಟೆಲ್ಲ ಎಷ್ಟು ದಿನ ನಡೀಬಹುದು" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಹೋದರು. ಮ್ಯೂಸಿಯಮ್ಮಿನ ಯಾವ ಫಲಕವೂ ಇಷ್ಟು ಒಳ್ಳೆಯ ಅಳತೆ ಕೊಡಲಾರದು.

ಪಕ್ಕದಲ್ಲೇ ಇನ್ನೊಬ್ಬ ಹಳೆಯ ಗಡಿ ನಿಂತಿದ್ದಾನೆ, ಐಎನ್‌ಎಸ್ ಚಪಲ್. 2006ರಿಂದ ಈ ಮರಳಿನ ಮೇಲೆ ಇರುವ ಯುದ್ಧನೌಕೆ. ಹೆಸರು ಕೇಳಿ ನಗುವವರಿದ್ದಾರೆ. ಕಾಲಿನ ಚಪ್ಪಲಿ ಅಲ್ಲ, ನಾಲಗೆಯ ಚಪಲವೂ ಅಲ್ಲ, ಚುರುಕಿನದು ಎಂಬ ಅರ್ಥದ ಚಪಲ. ಅಕ್ಕತಂಗಿಯರ ಹೆಸರು ಚಮಕ್, ಚಾತಕ್, ಪ್ರಳಯ, ಪ್ರತಾಪ್. ಇದು 1971ರಲ್ಲಿ ಕರಾಚಿಯನ್ನು ಸುಟ್ಟ ದೋಣಿ ಎಂದು ಅಪ್ಪಂದಿರು ಮಕ್ಕಳಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ಅಲ್ಲ. ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್. ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. ಅದೇ ರಷ್ಯನ್ ವಂಶದ ಮುಂದಿನ ಪೀಳಿಗೆ. ಹೇಳಬೇಕು ಅನ್ನಿಸಿತು, ಆ ಮಗುವಿನ ಮುಖ ನೋಡಿ ಸುಮ್ಮನಾದೆ.

ಎರಡನ್ನೂ ಒಟ್ಟಿಗೆ ನೋಡಿದಾಗ ಒಂದು ತಮಾಷೆ ಹೊಳೆಯಿತು. ಚಪಲ್ 39 ಮೀಟರಿಗೂ ಕಡಿಮೆ. ವಿಮಾನ 53. ಕಾರವಾರದ ದಂಡೆಯ ಮೇಲೆ ಹಡಗಿಗಿಂತ ವಿಮಾನವೇ ಹದಿನಾಲ್ಕು ಮೀಟರ್ ಉದ್ದ!

ಈ ದಂಡೆಗೆ ರವೀಂದ್ರನಾಥ ಟ್ಯಾಗೋರರ ಹೆಸರು ಇಟ್ಟಿದ್ದಾರೆ. 1883ರಲ್ಲಿ, 22ರ ಹುಡುಗ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು, 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಇಲ್ಲೇ ಬರೆದರು. ಕಾಳಿ ನದಿಯಲ್ಲಿ ಬೆಳದಿಂಗಳಲ್ಲಿ ದೋಣಿಯಲ್ಲಿ ಹೋಗಿದ್ದರು. ಈಗ ಅವರ ಹೆಸರಿನ ಮರಳಿನ ಮೇಲೆ ಕ್ಷಿಪಣಿಯ ದೋಣಿ, ಸಬ್‌ಮರೀನು ಬೇಟೆಯ ವಿಮಾನ. ಇದು ಸರಿಯೇ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಟ್ಯಾಗೋರರೇ 1932ರಲ್ಲಿ, 70ರ ವಯಸ್ಸಿನಲ್ಲಿ, ವಿಮಾನ ಹತ್ತಿ ಪರ್ಷಿಯಾಕ್ಕೆ ಹೋದವರು. ಅವರಿದ್ದರೆ ಆ ಗಾಜಿನ ಗೂಡಿನ ಕೆಳಗೆ ನನಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರೋ ಏನೋ. ಅಲ್ಲೇ ಹತ್ತಿರ ಪರಮವೀರ ಚಕ್ರದ ರಾಮ ರಾಘೋಬ ರಾಣೆಯವರ ಪ್ರತಿಮೆಯೂ ಇದೆ. ನಾವು ದಾಟಿ ಬಂದ ಚೆಂಡಿಯಾದವರು.

ನನಗಿದ್ದ ಚಿಂತೆ ಬೇರೆ. ಕಡಲು ಐವತ್ತು ಹೆಜ್ಜೆ ದೂರದಲ್ಲಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಊರು. ಉಪ್ಪುಗಾಳಿ ಅಲ್ಯುಮಿನಿಯಮ್ಮನ್ನು ಕಬ್ಬಿಣದಷ್ಟು ಬೇಗ ತಿನ್ನಲಿಕ್ಕಿಲ್ಲ, ಆದರೆ ಬಿಡುವುದೂ ಇಲ್ಲ, ಮೊಳೆಮೊಳೆಯ ಸಂದಿನಲ್ಲಿ ಬಿಳಿ ಪುಡಿಯಾಗಿ ಹೊರಡುತ್ತದೆ. ಟೂಸಾನಿನ ಅಜ್ಜ ಹ್ಯಾಂಗರಿನ ಒಳಗೆ ನೆರಳಿನಲ್ಲಿ ಎಷ್ಟು ವರ್ಷವೂ ಇರುತ್ತಾನೆ. ಮೊಮ್ಮಗನಿಗೆ ಮಾಡು ಇಲ್ಲ. ಇವನಿಗೆ ಪ್ರತಿ ಮಳೆಗಾಲದ ಮೊದಲು ಮತ್ತು ಆಮೇಲೆ ಸಿಹಿನೀರಿನ ಸ್ನಾನ, ಬಣ್ಣ, ಇಷ್ಟಾದರೂ ಬೇಕು. ದೋಣಿಗೆ ವರ್ಷವರ್ಷವೂ ಎಣ್ಣೆ ಹಚ್ಚುವ ಜನ ಈ ಊರಿನಲ್ಲಿದ್ದಾರೆ. ಅವರನ್ನೇ ಕೇಳಿದರೂ ಆದೀತು.

ಸೂರ್ಯ ಕಡಲಿನ ಕಡೆಗೆ ಇಳಿಯುತ್ತಿದ್ದ. ಉತ್ತರಕ್ಕೆ ಸದಾಶಿವಗಡದ ಗುಡ್ಡ. ಅದರ ಬುಡದಲ್ಲಿ ಕಾಳಿಯ ಮೇಲೆ ಈಗ ಒಂದೇ ಸೇತುವೆ. ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಕುಸಿದು ಬಿತ್ತು. ಅದೇ ವರ್ಷ ವಿಮಾನ ನೋಡಲು ಜನರಿಗೆ ಬಾಗಿಲು ತೆರೆದದ್ದು. ಬೆಳಕು ಕೆಂಪಾದಾಗ ಎಂಟೂ ಫ್ಯಾನುಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿತು. ಒಂದು ಹುಡುಗಿ ಆ ನೆರಳಿನ ಎಲೆಯಿಂದ ಎಲೆಗೆ ಕುಂಟಾಬಿಲ್ಲೆ ಆಡುತ್ತಿದ್ದಳು.

ರಾತ್ರಿ ಊಟಕ್ಕೆ ಅಲಗೇರಿಗೆ ಬಂದೆವು, ಅತ್ತೆಯ ಮನೆ ಅಲ್ಲೇ. ಅಂಕೋಲೆ ಪೇಟೆಯಿಂದ ಕೂಗಳತೆ ಅನ್ನಬಹುದು. ಗದ್ದೆ, ತೆಂಗು, ಹಿತ್ತಲಲ್ಲಿ ಇಶಾಡು ಮಾವಿನ ಮರ. ನೌಕಾಪಡೆಯ ವಿಮಾನ ನೆಲೆಗೂ ಅದಕ್ಕೆ ತಾಗಿ ನಮ್ಮಂಥವರ ಪ್ರಯಾಣದ ನಿಲ್ದಾಣಕ್ಕೂ ಸರಕಾರ ಗುರುತು ಮಾಡಿರುವುದು ಇದೇ ಅಲಗೇರಿ, ಭಾವಿಕೇರಿ ಸೀಮೆಯ ನೆಲವನ್ನು. ವರ್ಷಗಳಿಂದ ಅಳತೆ, ಸಭೆ, ನೋಟಿಸು, ಪರಿಹಾರದ ಮಾತು ನಡೆದೇ ಇದೆ. ಈ ತಾಲೂಕಿನಲ್ಲಿ ರೈಲಿಗೆ ಕೊಟ್ಟವರಿದ್ದಾರೆ, ಹೆದ್ದಾರಿಗೆ ಕೊಟ್ಟವರಿದ್ದಾರೆ, ಸೀಬರ್ಡಿಗೆ ಕೊಟ್ಟವರಿದ್ದಾರೆ.

ಅತ್ತೆ ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡುತ್ತಿದ್ದರು. ನನ್ನ ವರ್ಣನೆಯನ್ನೆಲ್ಲ ಕೇಳಿದರು. ಅಮೆರಿಕದ ಅಜ್ಜ, ಗೋವೆಯ ರಾಣಿ, ಎಂಟು ಫ್ಯಾನು, ಎಂಬತ್ತು ಟನ್ನು. ನಡುನಡುವೆ ಹೌದಾ, ಹೌದಾ ಅಂದರು.

"ಹಾಂಗಾರೆ ಅದು ಇನ್ನು ಹಾರೂದೇ ಇಲ್ಲ ಅನ್ನು."

"ಇಲ್ಲ ಅತ್ತೆ. ಅದರ ಹಾರಾಟ ಮುಗೀತು."

ಅಡಕತ್ತರಿ ನಿಂತಿತು. ಅಂಗಳದ ಆಚೆ ಕತ್ತಲೆಯಲ್ಲಿ ಗದ್ದೆ ಇದ್ದ ಕಡೆಗೆ ಗದ್ದ ಎತ್ತಿ ತೋರಿಸಿದರು.

"ಮತ್ತೆ ಇಲ್ಲಿ ಇಳಿಯೂದು ಯಾವ್ದೋ ತಮ್ಮಾ?"

ಮಾವನ ಮಗ ಒಳಗಿಂದ ಹುರಿದ ಬಂಗಡೆಯ ತಟ್ಟೆ ತಂದು ನಮ್ಮ ನಡುವೆ ಇಟ್ಟ. ಬಿಸಿ ಇತ್ತು.